ನಿರಾಶ್ರಿತ ಕುಟುಂಬ ನಿಮ್ಮ ಬೀದಿಗೆ ಬಂದಾಗ: ನೆರೆಹೊರೆಯವರು ಯಾವ ಕೆಲಸವನ್ನು ಯಾವಾಗ ಮಾಡಬೇಕು

ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ, ಸುಡಾನ್, ಯೆಮೆನ್‌ಗಳಿಂದ ಬಂದು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ಶೆಡ್ಡುಗಳಲ್ಲಿ ಬದುಕುತ್ತಿರುವವರಿದ್ದಾರೆ. ಅವರಿಗೆ ನೆರವಾಗಲು ಮುಂದೆ ಬರುವ ನೆರೆಹೊರೆಯವರೂ ಇದ್ದಾರೆ. ಆದರೆ ಬಹುತೇಕ ಪ್ರಯತ್ನಗಳು ನಿಂತುಹೋಗುವ ಬಗೆ ಒಂದೇ. ಮೊದಲ ವಾರ ಮನೆ ತುಂಬ ಹಳೆಯ ಬಟ್ಟೆ, ಅಕ್ಕಿ ಮೂಟೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ. ಮೂರನೆಯ ತಿಂಗಳ ಹೊತ್ತಿಗೆ ಮಾಲೀಕರು ಮನೆ ಖಾಲಿ ಮಾಡಿ ಎನ್ನುತ್ತಾರೆ, ಮಗು ಇನ್ನೂ ಶಾಲೆಯ ಹೊರಗಿರುತ್ತದೆ, ಗುರುತಿನ ಕಾರ್ಡಿನ ಅವಧಿ ಮುಗಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಹೀಗಾಗುತ್ತದೆ.

ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ಟಿಬೆಟನ್ ಶಿಬಿರಗಳಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಅವರಿಗೆ ಸರ್ಕಾರ ಕೊಟ್ಟ ನೋಂದಣಿ ಪತ್ರವಿದೆ, ತಮ್ಮದೇ ಶಾಲೆಗಳಿವೆ, ಶಿಬಿರದ ಕಚೇರಿಯಿದೆ. ಇಲ್ಲಿ ಹೇಳುತ್ತಿರುವುದು ನಗರದ ನಡುವೆ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ (ಯುಎನ್‌ಎಚ್‌ಸಿಆರ್) ಕೊಟ್ಟ ಕಾಗದವನ್ನಷ್ಟೇ ನೆಚ್ಚಿಕೊಂಡು ಬದುಕುವವರ ಬಗ್ಗೆ.

ಶುರು ಮಾಡುವ ಮೊದಲು ಬೇಕಾದವು

ಐದಾರು ಜನ ಸೇರಿ. ಒಬ್ಬರೇ ಹೊತ್ತುಕೊಂಡ ಕೆಲಸ ಅವರಿಗೆ ಜ್ವರ ಬಂದ ದಿನವೇ ನಿಲ್ಲುತ್ತದೆ. ಕಾಗದಪತ್ರ, ಮನೆ, ಶಾಲೆ, ಆಸ್ಪತ್ರೆ, ಹಣದ ಲೆಕ್ಕ ಎಂದು ಹಂಚಿಕೊಂಡು, ಒಂದೊಂದಕ್ಕೂ ಒಬ್ಬರ ಹೆಸರು ಬರೆದಿಡಿ. ಗುಂಪಿನಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ.

ಒಂದು ಗಟ್ಟಿ ಪ್ಲಾಸ್ಟಿಕ್ ಫೈಲು, ಒಂದು ನೋಟ್‌ಬುಕ್, ಕುಟುಂಬದ ಭಾಷೆ ಬಲ್ಲ ವಯಸ್ಕ ದುಭಾಷಿ, ಫೋನು ಎತ್ತುವ ಒಬ್ಬ ವಕೀಲರು ಬೇಕು. ದುಭಾಷಿ ಅದೇ ದೇಶದವರಾದರೆ ಅವರು ಬರುವುದು ಕುಟುಂಬಕ್ಕೆ ಒಪ್ಪಿಗೆಯೇ ಎಂದು ಮೊದಲೇ ಕೇಳಿ. ಅಲ್ಲಿನ ಜನಾಂಗ, ಪಕ್ಷ, ಪಂಗಡದ ಜಗಳಗಳು ಇಲ್ಲಿಗೂ ಬಂದಿರುತ್ತವೆ.

ಈ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಒಂದು ಪ್ರತಿಯನ್ನು ಕುಟುಂಬದ ಅಡುಗೆಮನೆಯ ಗೋಡೆಗೆ ಅಂಟಿಸಿ: ತುರ್ತಿಗೆ 112, ಆಂಬ್ಯುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವು 15100, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416.

ಹಂತ 1: ಮೊದಲ ಭೇಟಿ

ಇಬ್ಬರು ಸಾಕು. ಹತ್ತು ಜನ ಬಾಗಿಲಲ್ಲಿ ನಿಂತರೆ ಓಡಿಬಂದವರಿಗೆ ಅದು ಸ್ವಾಗತದಂತೆ ಕಾಣುವುದಿಲ್ಲ. ಹಿಂದಿನ ದಿನವೇ ಹೇಳಿ ಹೋಗಿ, ನಿಮ್ಮ ಹೆಸರು, ಮನೆ ಎಲ್ಲಿದೆ ಎಂಬುದನ್ನು ನೀವೇ ಮೊದಲು ಹೇಳಿ.

ಕೇಳಬೇಕಾದದ್ದು ಮೂರೇ: ಈ ವಾರ ತುರ್ತಾಗಿ ಏನು ಬೇಕು? ಯಾರಿಗಾದರೂ ಹುಷಾರಿಲ್ಲವೇ? ಕಾಗದಪತ್ರದ ವಿಷಯದಲ್ಲಿ ಹತ್ತಿರದಲ್ಲೇ ಯಾವುದಾದರೂ ದಿನಾಂಕವಿದೆಯೇ? ಊರು ಯಾಕೆ ಬಿಟ್ಟಿರಿ, ಯಾರು ಸತ್ತರು, ಗಡಿ ಹೇಗೆ ದಾಟಿದಿರಿ ಎಂದು ಕೇಳಬೇಡಿ. ಅದನ್ನೆಲ್ಲ ಅವರು ಸಂದರ್ಶನಗಳಲ್ಲಿ ಅಧಿಕಾರಿಗಳ ಮುಂದೆ ಹೇಳಬೇಕಾಗುತ್ತದೆ. ಕುತೂಹಲಕ್ಕಾಗಿ ನಿಮ್ಮ ಮುಂದೆಯೂ ಹೇಳಿಸುವುದು ಕ್ರೂರ.

ಫೋಟೋ ಬೇಡ. ಹಿಂದಿನಿಂದ ತೆಗೆದದ್ದೂ ಬೇಡ, ಮಕ್ಕಳದ್ದಂತೂ ಬೇಡವೇ ಬೇಡ. ಫೇಸ್‌ಬುಕ್ಕಿಗೆ ಹಾಕಿದ ಚಿತ್ರ ಅವರು ಬಿಟ್ಟುಬಂದ ಊರಿನಲ್ಲೂ ಕಾಣುತ್ತದೆ. ಅಲ್ಲಿ ಉಳಿದಿರುವ ತಾಯಿ, ತಮ್ಮಂದಿರು ಅದರ ಬೆಲೆ ತೆರಬೇಕಾಗಬಹುದು. ಕಾರ್ಡಿನ ಸಂಖ್ಯೆ, ಮನೆಯ ವಿಳಾಸವನ್ನೂ ಯಾವ ಗುಂಪಿನಲ್ಲೂ ಹಂಚಬೇಡಿ. ದಾನಿಗಳು ಚಿತ್ರ ಕೇಳಿದರೆ ಬಾಡಿಗೆ ರಸೀದಿಯಲ್ಲಿ ಹೆಸರು ಮುಚ್ಚಿ ತೋರಿಸಿ.

ಹಂತ 2: ಕಾಗದಪತ್ರ

ಹೆಚ್ಚಿನವರು ಎಡವುವುದು ಇಲ್ಲಿ. ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಮನೆ, ಶಾಲೆ, ಕೆಲಸ ಯಾವುದಕ್ಕೂ ಕೈ ಹಾಕಬೇಡಿ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ ಅದಕ್ಕೆ ಪೂರಕವಾದ 1967ರ ಪ್ರೋಟೊಕಾಲ್‌ಗಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಟಿಬೆಟನ್ನರು ಮತ್ತು ಶ್ರೀಲಂಕಾ ತಮಿಳರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಆಫ್ರಿಕಾ, ಪಶ್ಚಿಮ ಏಷ್ಯಾದಿಂದ ಬಂದವರು ದೆಹಲಿಯಲ್ಲಿರುವ ಯುಎನ್‌ಎಚ್‌ಸಿಆರ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಅರ್ಜಿ ಪರಿಶೀಲನೆಯಲ್ಲಿದ್ದರೆ ಒಂದು ಪ್ರಮಾಣಪತ್ರ, ನಿರಾಶ್ರಿತರೆಂದು ಮಾನ್ಯವಾದ ಮೇಲೆ ಒಂದು ಕಾರ್ಡು ಸಿಗುತ್ತದೆ. ಎರಡರಲ್ಲೂ ಅವಧಿ ಮುಗಿಯುವ ದಿನಾಂಕವಿರುತ್ತದೆ. ಆ ದಿನಾಂಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮೂರು ತಿಂಗಳು ಮುಂಚೆಯೇ ನೆನಪಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ.

ಈ ಕಾರ್ಡು ಭಾರತ ಸರ್ಕಾರದ ವೀಸಾ ಅಲ್ಲ. ಕುಟುಂಬಕ್ಕೆ ಇದು ಗೊತ್ತಿರುತ್ತದೆ, ನೆರವಾಗಲು ಬಂದವರಿಗೆ ಗೊತ್ತಿರುವುದಿಲ್ಲ. ಕೆಲವರ ಬಳಿ ಪಾಸ್‌ಪೋರ್ಟ್ ಮತ್ತು ವೀಸಾ ಇರುತ್ತವೆ, ಕೆಲವರಿಗೆ ದೀರ್ಘಾವಧಿ ವೀಸಾ ಸಿಕ್ಕಿರುತ್ತದೆ, ಕೆಲವರಿಗೆ ಕಾರ್ಡೊಂದೇ. ಮೂವರ ದಾರಿಯೂ ಬೇರೆ. ಆದ್ದರಿಂದ ಈ ಹಂತದಲ್ಲಿ, ಕುಟುಂಬದ ಒಪ್ಪಿಗೆಯೊಂದಿಗೆ, ವಕೀಲರನ್ನು ಒಮ್ಮೆ ಕೂರಿಸಿಕೊಂಡು ಮಾತಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು ಮತ್ತು ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.

ಸಂವಿಧಾನದ 14 ಮತ್ತು 21ನೇ ವಿಧಿಗಳು ನಾಗರಿಕರಿಗಷ್ಟೇ ಸೀಮಿತವಲ್ಲ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಅವರ ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುವುದು ರಾಜ್ಯದ ಹೊಣೆ ಎಂದಿದೆ. ಯಾರನ್ನಾದರೂ ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದನ್ನು ಅವರ ಭಾಷೆಯಲ್ಲಿ ಬರೆದು ಫೈಲಿನಲ್ಲಿಡಿ.

ಮಾಡಲೇಬಾರದ ತಪ್ಪು ಒಂದಿದೆ. "ಐದು ಸಾವಿರ ಕೊಟ್ಟರೆ ಆಧಾರ್ ಮಾಡಿಸಿಕೊಡುತ್ತೇನೆ" ಎನ್ನುವ ಏಜೆಂಟರು ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ. ಸುಳ್ಳು ದಾಖಲೆಯ ಆಧಾರ್ ಒಂದು ಕ್ರಿಮಿನಲ್ ಮೊಕದ್ದಮೆ. ಅದರಿಂದ ಕುಟುಂಬ ಜೈಲಿಗೂ ಹೋಗಬಹುದು, ದೇಶದಿಂದ ಹೊರಗೂ ಹೋಗಬೇಕಾಗಬಹುದು. ಮಾನ್ಯ ವೀಸಾ ಇದ್ದು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರು ನೇರ ದಾರಿಯಲ್ಲೇ ಆಧಾರ್‌ಗೆ ಅರ್ಜಿ ಹಾಕಬಹುದು. ಉಳಿದವರು ಆಧಾರ್ ಇಲ್ಲದೆಯೇ ಬದುಕುವ ದಾರಿ ಹುಡುಕಬೇಕು. ಹಾಗೆಯೇ, ಯುಎನ್‌ಎಚ್‌ಸಿಆರ್‌ನ ಯಾವ ಸೇವೆಗೂ ಶುಲ್ಕವಿಲ್ಲ. ಕೆನಡಾಕ್ಕೆ ಕಳಿಸುತ್ತೇನೆ ಎಂದು ಹಣ ಕೇಳುವವನು ಮೋಸಗಾರ. ಮೂರನೆಯ ದೇಶದಲ್ಲಿ ನೆಲೆ ಸಿಗುವುದು ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ಶೇಕಡಾ ಒಂದಕ್ಕಿಂತ ಕಡಿಮೆ ಜನರಿಗೆ.

ಹಂತ 3: ಮನೆ

ಮಾಲೀಕರಿಗೆ ವಿಷಯ ಮುಚ್ಚಿಟ್ಟು ಮನೆ ಕೊಡಿಸಬೇಡಿ. "ನಮ್ಮ ದೂರದ ಸಂಬಂಧಿಕರು" ಎಂದು ಸುಳ್ಳು ಹೇಳಿ ಕೊಡಿಸಿದ ಮನೆ ನಿಜ ತಿಳಿದ ದಿನವೇ ಹೋಗುತ್ತದೆ. ವಿದೇಶಿಯರಿಗೆ ವಾಸಕ್ಕೆ ಜಾಗ ಕೊಟ್ಟವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ರೂಢಿಯಲ್ಲಿ ಇದನ್ನು ಫಾರ್ಮ್ ಸಿ ಎನ್ನುತ್ತಾರೆ. ಬಹಳ ಮಾಲೀಕರು ಮನೆ ಕೊಡಲು ಹೆದರುವುದು ಈ ಕಾಗದಕ್ಕೇ. ಅರ್ಜಿಯಲ್ಲಿ ಏನೇನು ಕೇಳುತ್ತಾರೆ, ನಿಮ್ಮ ಕುಟುಂಬದ ಕಾಗದಕ್ಕೆ ಅದು ಹೇಗೆ ಹೊಂದುತ್ತದೆ ಎಂಬುದನ್ನು ವಕೀಲರಿಂದ ತಿಳಿದು, ಮಾಲೀಕರ ಜೊತೆ ಕುಳಿತು ತುಂಬಿಸಿ. ಸಲ್ಲಿಸಿದ ಸ್ವೀಕೃತಿಯ ಒಂದು ಪ್ರತಿ ಮಾಲೀಕರಿಗೆ, ಒಂದು ಕುಟುಂಬದ ಫೈಲಿಗೆ.

ಕರಾರು ಪತ್ರ ಕುಟುಂಬದವರ ಹೆಸರಿನಲ್ಲೇ ಇರಲಿ. ನಿಮ್ಮ ಹೆಸರಿನಲ್ಲಿ ಮನೆ ಹಿಡಿದು ಅವರನ್ನು ಇರಿಸುವುದು ಸುಲಭವೆನಿಸುತ್ತದೆ, ಆದರೆ ನಾಳೆ ನೀವು ಊರು ಬದಲಿಸಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಅಡ್ವಾನ್ಸ್ ಮತ್ತು ಬಾಡಿಗೆಯನ್ನು ಬ್ಯಾಂಕ್ ಮೂಲಕ ಮಾಲೀಕರಿಗೇ ಕಟ್ಟಿ, ರಸೀದಿ ಪಡೆಯಿರಿ. ಅಡ್ವಾನ್ಸ್ ವಾಪಸು ಬಂದಾಗ ಅದು ಯಾರಿಗೆ ಸೇರಬೇಕು ಎಂಬುದನ್ನು ಮೊದಲ ದಿನವೇ ಬರೆದಿಡಿ.

ಭೋಗ್ಯದ ಮನೆಗಳ ಬಗ್ಗೆ ಎಚ್ಚರ. ಮಾಲೀಕರಿಂದ ಬಾಡಿಗೆಗೆ ಪಡೆದು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು, ಲಕ್ಷಗಟ್ಟಲೆ ಎತ್ತಿಕೊಂಡು ಮಾಯವಾಗುವ ಮಧ್ಯವರ್ತಿಗಳು ಬೆಂಗಳೂರಿಗರಿಗೇ ಮೋಸ ಮಾಡುತ್ತಾರೆ. ದೂರು ಕೊಡಲು ಹೆದರುವವರನ್ನು ಬಿಡುತ್ತಾರೆಯೇ? ಮಾಲೀಕರನ್ನು ಮುಖತಃ ಕಾಣದೆ, ತೆರಿಗೆ ರಸೀದಿ ನೋಡದೆ ಹಣ ಕೊಡಬೇಡಿ.

ಹಂತ 4: ಶಾಲೆ

6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 14ನೇ ಕಲಮು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೇ ಕಲಮು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ, ಮಕ್ಕಳು ಮೊದಲು ಸರ್ಕಾರಿ ಶಾಲೆಯನ್ನೇ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಲಿ ಎಂದಿದೆ.

ಇಷ್ಟೆಲ್ಲ ಇದ್ದರೂ ಮುಖ್ಯ ಶಿಕ್ಷಕರ ಕೋಣೆಯಲ್ಲಿ ನಡೆಯುವುದು ಬೇರೆ. ಅವರ ಮೇಜಿನ ಮೇಲೆ ಕಂಪ್ಯೂಟರ್ ಇದೆ, ಅದರಲ್ಲಿ ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶ ತೆರೆದಿದೆ, ಆಧಾರ್ ಕಾಲಂ ಖಾಲಿ ಕೂತಿದೆ. "ನನಗೇನೂ ಅಭ್ಯಂತರವಿಲ್ಲ ಅಮ್ಮಾ, ಆದರೆ ನಾಳೆ ಮೇಲಿನವರು ಕೇಳಿದರೆ ನಾನೇನು ಹೇಳಲಿ?" ಎನ್ನುತ್ತಾರೆ. ಅವರ ಅಳುಕು ಸಹಜವಾದದ್ದೇ. ಕಾಯ್ದೆಯ ಕಲಮು ಹಿಡಿದು ಗದರಿದರೆ ಪ್ರವೇಶ ಸಿಕ್ಕರೂ ಮಗುವಿಗೆ ತರಗತಿಯಲ್ಲಿ ಪ್ರೀತಿ ಸಿಗುವುದಿಲ್ಲ.

ಹೀಗೆ ಮಾಡಿ. ಮೇ ಕೊನೆಯ ವಾರಕ್ಕೆ ಕಾಯದೆ ಏಪ್ರಿಲ್‌ನಲ್ಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಪೋಷಕರನ್ನು ಕರೆದುಕೊಂಡೇ ಹೋಗಿ. ನೀವೊಬ್ಬರೇ ಹೋದರೆ ಮಗು ಯಾರದೆಂಬ ಪ್ರಶ್ನೆ ಏಳುತ್ತದೆ. ಪೋಷಕರು ಸಹಿ ಮಾಡಿದ ಲಿಖಿತ ಅರ್ಜಿ, ವಯಸ್ಸಿನ ಬಗ್ಗೆ ಅವರ ಸ್ವಯಂ ಘೋಷಣೆ, ಗುರುತಿನ ಕಾರ್ಡಿನ ಪ್ರತಿ ಕೊಟ್ಟು, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮುಖ್ಯ ಶಿಕ್ಷಕರು ಹಿಂಜರಿದರೆ ಅವರನ್ನೇ ಜೊತೆಗೆ ಕರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಮೇಲಿನವರಿಂದ ಒಂದು ಸಾಲಿನ ಬರಹ ಸಿಕ್ಕರೆ ಅವರ ಅಳುಕು ಹೋಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೂ ಮೊದಲೇ ವಿಷಯ ತಿಳಿದಿರಲಿ.

ಮಾಧ್ಯಮದ ಆಯ್ಕೆ ಕುಟುಂಬದ್ದು. ಮನೆಯಲ್ಲಿ ಉರ್ದು ತಿಳಿದಿದ್ದರೆ ಸರ್ಕಾರಿ ಉರ್ದು ಶಾಲೆಗಳಿವೆ. ಕನ್ನಡ ಮಾಧ್ಯಮದಲ್ಲಿ ಮೊದಲ ಮೂರು ತರಗತಿಗಳ ನಲಿ ಕಲಿ ಪದ್ಧತಿ ಭಾಷೆ ಬಾರದ ಮಗುವಿಗೆ ಒಗ್ಗುತ್ತದೆ, ಏಕೆಂದರೆ ಅಲ್ಲಿ ಮಕ್ಕಳು "ತಟ್ಟೆ" ಎಂದು ಕರೆಯುವ ಗುಂಪುಗಳಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಮುಂದೆ ಸಾಗುತ್ತಾರೆ. ದೊಡ್ಡ ಮಕ್ಕಳಿಗೆ ಮಾತ್ರ ಮೊದಲ ಆರು ತಿಂಗಳು ಸಂಜೆಯ ಪಾಠ ಬೇಕೇ ಬೇಕು. ಅದನ್ನು ಆ ಒಂದು ಮಗುವಿಗೆ ಮಾಡದೆ ಬೀದಿಯ ನಾಲ್ಕೈದು ಮಕ್ಕಳನ್ನು ಸೇರಿಸಿ ಮಾಡಿ.

ಅಪಾಯದ ಸೂಚನೆ: ಸೇರಿದ ಮಗು ವಾರಕ್ಕೆ ಎರಡು ದಿನ ಬರುತ್ತಿಲ್ಲ ಎಂದಾದರೆ ಬೈಯುವ ಮೊದಲು ಕಾರಣ ಹುಡುಕಿ. ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಿರಬಹುದು, ಅಪ್ಪನ ಜೊತೆ ಗುಜರಿ ವಿಂಗಡಿಸುತ್ತಿರಬಹುದು, ಶಾಲೆಯಲ್ಲಿ ಯಾರಾದರೂ ಅಡ್ಡಹೆಸರಿಟ್ಟು ಕರೆಯುತ್ತಿರಬಹುದು.

ಹಂತ 5: ಆರೋಗ್ಯ

ಸರ್ಕಾರದ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಯಾರಿಗೂ ಹುಷಾರು ತಪ್ಪದಿರುವಾಗಲೇ, ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಬೀದಿಯ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಯಿಸಿ. ಮಕ್ಕಳ ಲಸಿಕೆ, ಬಸುರಿಯ ತಾಯಿ ಕಾರ್ಡ್, ಅಂಗನವಾಡಿ ಎಲ್ಲವೂ ಅವರಿಂದಲೇ ಶುರುವಾಗುತ್ತವೆ.

ಆಸ್ಪತ್ರೆಯಲ್ಲಿ ಮಕ್ಕಳಿಂದ ದುಭಾಷಿ ಕೆಲಸ ಮಾಡಿಸಬೇಡಿ. ಕನ್ನಡ ಬೇಗ ಕಲಿತ ಹತ್ತು ವರ್ಷದ ಹುಡುಗಿಯೇ ಎಲ್ಲರ ಕೈಗೂ ಸಿಗುತ್ತಾಳೆ. ತಾಯಿಯ ಗರ್ಭಸ್ರಾವದ ವಿಷಯವನ್ನು ವೈದ್ಯರಿಗೆ ಹೇಳುವ ಹೊರೆ ಅವಳ ಮೇಲೆ ಬೀಳಬಾರದು. ವಯಸ್ಕ ದುಭಾಷಿ ಬರಲಾಗದಿದ್ದರೆ ಫೋನಿನಲ್ಲಾದರೂ ಇರಲಿ.

ಇಲ್ಲಿ ಹುಟ್ಟಿದ ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ತಂದೆ ತಾಯಿಯ ಆಧಾರ್ ಸಂಖ್ಯೆ ಇದ್ದರೆ ಕೊಡಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ. ಜನನ ಪ್ರಮಾಣಪತ್ರದಿಂದ ಪೌರತ್ವ ಬರುವುದಿಲ್ಲ. ಆದರೆ ಆ ಮಗು ಯಾರದು, ಎಲ್ಲಿ ಹುಟ್ಟಿತು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಹೆಸರುಗಳ ಅಕ್ಷರಗಳು ಕಾರ್ಡಿನಲ್ಲಿರುವಂತೆಯೇ ಬಂದಿವೆಯೇ ನೋಡಿ.

ರಾತ್ರಿ ನಿದ್ದೆಯಿಲ್ಲ, ಬಾಗಿಲು ತಟ್ಟಿದರೆ ಬೆಚ್ಚುತ್ತಾರೆ, ವಾರಗಟ್ಟಲೆ ಹೊರಗೆ ಬರುವುದಿಲ್ಲ ಎಂಬ ಲಕ್ಷಣಗಳು ಕಂಡರೆ ಟೆಲಿ ಮಾನಸ್‌ಗೆ ಕರೆ ಮಾಡಿ ಅಥವಾ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಆಪ್ತಸಮಾಲೋಚಕರ ಕೆಲಸವನ್ನು ನೀವೇ ಮಾಡಲು ಹೋಗಬೇಡಿ.

ಹಂತ 6: ದಿನದ ಬದುಕು

ಸಣ್ಣ ಸಂಗತಿಗಳಲ್ಲಿ ದೊಡ್ಡ ಅವಮಾನಗಳಾಗುತ್ತವೆ. "ಹೆಂಗಸರಿಗೆ ಬಸ್ ಉಚಿತ" ಎಂದು ಯಾರೋ ಹೇಳಿರುತ್ತಾರೆ. ಶಕ್ತಿ ಯೋಜನೆ ಕರ್ನಾಟಕದ ವಾಸಿಗಳಿಗೆ, ಅದಕ್ಕೆ ಗುರುತಿನ ಚೀಟಿ ಬೇಕು ಎಂಬುದನ್ನು ಹೇಳಿರುವುದಿಲ್ಲ. ತುಂಬಿದ ಬಸ್ಸಿನಲ್ಲಿ ನಿರ್ವಾಹಕರು ರೇಗಿದಾಗ ಆ ತಾಯಿಗೆ ಉತ್ತರಿಸಲು ಭಾಷೆಯೂ ಇಲ್ಲ. ಮೊದಲ ಕೆಲವು ಸಲ ಜೊತೆಯಲ್ಲಿ ಹೋಗಿ ಟಿಕೆಟ್ ತೆಗೆಯುವುದನ್ನು ತೋರಿಸಿ.

ಅಡುಗೆಗೆ 5 ಕಿಲೋ ಸಿಲಿಂಡರ್ ಸಾಕು, ಇಂಡಿಯನ್ ಆಯಿಲ್‌ನ ಛೋಟು ಅಂಥದು. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ದಾಖಲೆ ಸಾಕು. ಸಿಮ್ ಕಾರ್ಡ್ ಮಾತ್ರ ತೊಡಕಿನದು. ವಿದೇಶಿಯರಿಗೆ ಪಾಸ್‌ಪೋರ್ಟ್, ವೀಸಾ ಕೇಳುತ್ತಾರೆ. ಕನಿಕರಪಟ್ಟು ನಿಮ್ಮ ಹೆಸರಿನ ಸಿಮ್ ಕೊಡಬೇಡಿ. ಅದು ಯಾರ ಕೈ ಸೇರಿದರೂ ಹೊಣೆ ನಿಮ್ಮದೇ. ಮನೆಯಲ್ಲಿ ವೈಫೈ ಹಂಚಿಕೊಂಡರೆ ಕರೆಗಳ ಅರ್ಧ ಕಷ್ಟ ತೀರುತ್ತದೆ.

ಕನ್ನಡ ಕಲಿಸುವವರು ಅಕ್ಷರಮಾಲೆಯಿಂದ ಶುರು ಮಾಡುತ್ತಾರೆ. ವಯಸ್ಕರಿಗೆ ಅದು ಆಮೇಲಿರಲಿ. ಮೊದಲು ಒಂದರಿಂದ ನೂರು, ದುಡ್ಡಿನ ಮಾತು, "ಎಷ್ಟು?", "ಇಲ್ಲಿ ಇಳಿಯಬೇಕು", "ನನ್ನ ಮಗುವಿಗೆ ಜ್ವರ", "ನಿಧಾನವಾಗಿ ಹೇಳಿ" ಬರಲಿ. ತರಕಾರಿ ಗಾಡಿಯ ಮುಂದೆ ನಿಂತು ಕಲಿತ ಮಾತು ಮರೆಯುವುದಿಲ್ಲ. ನೀವೂ ಅವರ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು, ಅವರ ಹೆಸರನ್ನು ಸರಿಯಾಗಿ ಉಚ್ಚರಿಸುವುದನ್ನು ಕಲಿಯಿರಿ.

ಹಂತ 7: ದುಡಿಮೆ, ಹಣ

ದೀರ್ಘಾವಧಿ ವೀಸಾ ಸಿಕ್ಕವರಿಗೆ ಖಾಸಗಿ ವಲಯದಲ್ಲಿ ದುಡಿಯಲು ಅವಕಾಶವಿದೆ. ಕಾರ್ಡು ಮಾತ್ರ ಇರುವವರಿಗೆ ಆ ಹಕ್ಕು ಇಲ್ಲ. ಕೆಲಸ ಕೊಡಿಸುವ ಮೊದಲು ವಕೀಲರ ಮಾತು ಕೇಳಲೇಬೇಕು ಎನ್ನುವುದು ಇದಕ್ಕೇ. ದುಡಿಯುತ್ತಿರುವವರಿದ್ದರೆ ದಿನಗೂಲಿ ಎಷ್ಟೆಂದು ಕೇಳಿ. ಅಕ್ಕಪಕ್ಕದವರಿಗೆ ಕೊಡುವುದರ ಅರ್ಧ ಕೊಟ್ಟು "ಪೊಲೀಸರಿಗೆ ಹೇಳುತ್ತೇನೆ" ಎಂದು ಬಾಯಿ ಮುಚ್ಚಿಸುವವರಿದ್ದಾರೆ. ಸಂಬಳ ಹಿಡಿದಿಟ್ಟುಕೊಳ್ಳುವುದು, ಮೂಲ ಕಾರ್ಡನ್ನೇ ಅಡವಿನಂತೆ ಇಟ್ಟುಕೊಳ್ಳುವುದು ಕಂಡರೆ ಅದೇ ದಿನ ಕಾನೂನು ನೆರವಿಗೆ ಕರೆ ಮಾಡಿ.

ಹಣ ಕೂಡಿಸುವಾಗ ಬಹಳ ಗುಂಪುಗಳಿಗೆ ತಿಳಿಯದ ಒಂದು ನಿಯಮವಿದೆ. ಅಮೆರಿಕ, ಬ್ರಿಟನ್‌ನಲ್ಲಿರುವ ನಮ್ಮ ಕನ್ನಡಿಗ ಗೆಳೆಯರು ಪ್ರೀತಿಯಿಂದ ಕಳಿಸಲು ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದವರು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ನಿಮ್ಮ ಸಂಘಕ್ಕೆ ಕೊಡುವ ಹಣ ವಿದೇಶಿ ದೇಣಿಗೆಯಾಗುತ್ತದೆ. 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ.

ಹಂತ 8: ಬೀದಿಯ ಉಳಿದವರು

ಬೀದಿಯಲ್ಲಿ ಬಡವರ ಮನೆಗಳೂ ಇರುತ್ತವೆ. "ಕಲಬುರಗಿಯಿಂದ ಬಂದ ನಮಗೆ ಯಾರೂ ಅಕ್ಕಿ ಕೊಡಲಿಲ್ಲ, ಇವರಿಗೇಕೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಭಾಷಣದಿಂದ ಉತ್ತರ ಕೊಡಲಾಗುವುದಿಲ್ಲ. ಸಂಜೆ ಪಾಠ, ಆರೋಗ್ಯ ತಪಾಸಣೆ, ಕಾನೂನು ನೆರವಿನ ಮಾಹಿತಿ ಯಾವುದನ್ನೇ ಏರ್ಪಡಿಸಿದರೂ ಎಲ್ಲರಿಗೂ ತೆರೆದಿಡಿ.

ಜಗಳಗಳು ಸಾಮಾನ್ಯವಾಗಿ ಹುಟ್ಟುವುದು ನೀರಿನ ಸರದಿ, ಹಸಿ ಕಸ ಒಣ ಕಸ, ರಾತ್ರಿಯ ಸದ್ದು ಇವುಗಳಿಂದ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ದಿನ ಕಾವೇರಿ ನೀರು ಬಿಡುತ್ತಾರೆ ಎಂಬುದನ್ನು ಮೊದಲ ವಾರವೇ ಹೇಳಿಕೊಟ್ಟರೆ ಅರ್ಧ ದೂರು ಬರುವುದೇ ಇಲ್ಲ. ಬೀದಿಯ ಹಬ್ಬಕ್ಕೆ ಅವರನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುವ ಬದಲು, ಶಾಮಿಯಾನ ಕಟ್ಟುವಾಗ, ಊಟ ಬಡಿಸುವಾಗ ಕರೆಯಿರಿ. ಕೈ ಜೋಡಿಸಿದಲ್ಲಿ ಮಾತು ತಾನಾಗಿ ಹುಟ್ಟುತ್ತದೆ.

ವಾಟ್ಸ್ಆ್ಯಪ್‌ನಲ್ಲಿ "ಇವರು ಉಗ್ರರು", "ಮಕ್ಕಳ ಕಳ್ಳರು" ಎಂಬ ಸಂದೇಶ ಬಂದರೆ ಅಲ್ಲೇ ವಾದಕ್ಕಿಳಿಯಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಕಳಿಸಿದವರ ಮನೆಗೆ ಆ ಸಂಜೆಯೇ ಹೋಗಿ ಮಾತಾಡಿ. ಮಕ್ಕಳ ಕಳ್ಳರೆಂಬ ವದಂತಿಗೆ 2018ರಲ್ಲಿ ಬೆಂಗಳೂರಿನಲ್ಲೇ ಒಬ್ಬ ವಲಸೆ ಕಾರ್ಮಿಕನನ್ನು ಜನ ಹೊಡೆದು ಕೊಂದಿದ್ದಾರೆ. ಗುರುತು, ವಿಳಾಸ, ಬೆದರಿಕೆ ಮೂರೂ ಒಂದೇ ಸಂದೇಶದಲ್ಲಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಲಿಖಿತ ದೂರು ಕೊಡಿ.

ಹಂತ 9: ನಿಧಾನವಾಗಿ ಹಿಂದೆ ಸರಿಯುವುದು

ತಿಂಗಳಿಗೊಮ್ಮೆ ಕುಟುಂಬದೊಂದಿಗೆ ಕುಳಿತು ನೋಟ್‌ಬುಕ್ ತೆರೆಯಿರಿ. ಕಳೆದ ತಿಂಗಳು ನೀವು ಮಾಡಿದ ಯಾವ ಕೆಲಸವನ್ನು ಈ ತಿಂಗಳು ಅವರೇ ಮಾಡಬಲ್ಲರು ಎಂದು ಗುರುತು ಹಾಕಿ. ಮಗುವಿನ ಶಾಲೆಯ ಸಭೆಗೆ ತಾಯಿಯೇ ಹೋದರೆ, ಮಾಲೀಕರು ನಿಮಗೆ ಫೋನ್ ಮಾಡದೆ ನೇರ ಅವರೊಂದಿಗೇ ಮಾತಾಡಿದರೆ ಕೆಲಸ ಸರಿಯಾದ ದಾರಿಯಲ್ಲಿದೆ. ವರ್ಷ ಕಳೆದರೂ ಪ್ರತಿ ಚೀಟಿಗೂ ನಿಮ್ಮನ್ನೇ ಕಾಯುತ್ತಿದ್ದರೆ, ಅಥವಾ ನಿಮ್ಮ ಗುಂಪಿನಲ್ಲಿ ಯಾರಾದರೂ "ನಾವು ಇಷ್ಟು ಮಾಡಿದರೂ ಹೇಳಿದಂತೆ ಕೇಳುವುದಿಲ್ಲ" ಎನ್ನತೊಡಗಿದರೆ, ಎಲ್ಲರೂ ಒಮ್ಮೆ ನಿಂತು ಮಾತಾಡಬೇಕು. ಎಲ್ಲಿ ಇರಬೇಕು, ಏನು ಉಣ್ಣಬೇಕು, ಯಾರನ್ನು ಮದುವೆಯಾಗಬೇಕು, ಯಾವಾಗ ದೆಹಲಿಗೆ ಹೋಗಬೇಕು ಎಂಬುದೆಲ್ಲ ಅವರ ನಿರ್ಧಾರ.

ಕುಟುಂಬ ಬೇರೆ ಬಡಾವಣೆಗೋ ಊರಿಗೋ ಹೊರಟರೆ ಫೈಲು ಮೂಲ ಕಾಗದಗಳೊಂದಿಗೆ ಅವರ ಕೈಯಲ್ಲೇ ಇರಬೇಕು. ಶಾಲೆಯಿಂದ ವರ್ಗಾವಣೆ ಪತ್ರ, ಲಸಿಕೆಯ ಕಾರ್ಡು, ಅಡ್ವಾನ್ಸ್ ವಾಪಸಾದ ರಸೀದಿ, ಹೊಸ ವಿಳಾಸವನ್ನು ಯುಎನ್‌ಎಚ್‌ಸಿಆರ್‌ಗೆ ತಿಳಿಸಿದ ಪ್ರತಿ ಅದರಲ್ಲಿವೆಯೇ ನೋಡಿ. ನಿಮ್ಮ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಉಳಿದಿರುವ ಅವರ ದಾಖಲೆಗಳ ಪ್ರತಿಗಳನ್ನು ಅವರನ್ನು ಕೇಳಿ ಅಳಿಸಿಹಾಕಿ.